ಬೋಣಿ ಮಂದಿಯನ್ನು ಬಿಟ್ಟು

ನಮ್ಮ ಆಫೀಸಿನ ಯಜಮಾನರು ಯೋಗಾನಂದ ಅವರು ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳನ್ನು ವೆಬ್‌ಸೈಟಿನಲ್ಲಿ ಮಾರುತ್ತಾರೆ. ಮಾರುತ್ತಾರೆ ಎಂದರೆ, ಬಸವೇಶ್ವರನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಎ.ಸಿ. ಹಾಕಿಸಿಕೊಂಡು ಕೂತಿರುತ್ತಾರೆ. ಮಲ್ಲತ್ತಹಳ್ಳಿಯಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲ ಈಗ ಇಪ್ಪತ್ತಾರು ಬಾಡಿಗೆ ಮನೆಗಳಾಗಿದೆ. ಹಾಗಾಗಿ ಪಾತ್ರೆ ಮಾರಾಟವಾದರೂ ಆಗದಿದ್ದರೂ ಅವರ ಊಟಕ್ಕೇನೂ ತೊಂದರೆಯಿಲ್ಲ. ತೊಂದರೆ ಇರುವುದು ನಮಗೆ.

ನನ್ನ ಹೆಸರು ಕುಸುಮಾ. ವಿಜಯನಗರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ವೆಬ್‌ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಯಾವ ಪುಟ ನೋಡಿದರು, ಎಷ್ಟು ಹೊತ್ತು ನಿಂತರು ಎಂದು ವಾರದ ವರದಿ ಮಾಡುವುದು ನನ್ನ ಕೆಲಸ. ಆ ವರದಿ ಐವತ್ತೆಂಟು ಪುಟ. ಗುರುವಾರ ಶುರು ಮಾಡಿದರೆ ಶುಕ್ರವಾರ ಸಂಜೆ ಮುಗಿಯುತ್ತಿತ್ತು. ಅಂಕಿಗಳನ್ನು ಒಂದೊಂದಾಗಿ ಎತ್ತಿ ಎಕ್ಸೆಲ್ಲಿಗೆ ಹಾಕಿ, ಅಲ್ಲಿಂದ ಬಣ್ಣದ ಚಿತ್ರ ಮಾಡಿ, ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ಯಜಮಾನರ ಮೇಜಿನ ಮೇಲಿಡಬೇಕು. ಅವರು ಮೊದಲ ಪುಟದಲ್ಲಿ ಎಷ್ಟು ಜನ ಬಂದರು ಎಂಬ ಒಂದು ಅಂಕಿ ನೋಡಿ, "ಏರಿದೆ ಅಲ್ವಾ?" ಎನ್ನುತ್ತಾರೆ. ಉಳಿದ ಐವತ್ತೇಳು ಪುಟ ಷೋಕೇಸಿಗೆ ಹೋಗುತ್ತದೆ. ಎರಡು ವರ್ಷದ ವರದಿಗಳು ಅಲ್ಲಿ ಸಾಲಾಗಿ ನಿಂತಿವೆ, ಬಂದವರಿಗೆಲ್ಲ ಅವನ್ನು ತೋರಿಸುತ್ತಾರೆ.

ಅಂಕಿ ಏರದೆ ಏನು ಮಾಡೀತು? ಯಜಮಾನರಿಗೆ ಬೋಣಿಯ ನಂಬಿಕೆ. ದಿನದ ಮೊದಲ ಗಿರಾಕಿ ಒಳ್ಳೆಯ ಕೈಯವರಾದರೆ ಇಡೀ ದಿನದ ವ್ಯಾಪಾರ ಚೆನ್ನಾಗಿರುತ್ತದೆ ಎಂದು ಅಂಗಡಿಯವರು ನಂಬುವುದುಂಟು, ನನಗೂ ಅದರಲ್ಲಿ ತಕರಾರಿಲ್ಲ. ಆದರೆ ಇವರು ವೆಬ್‌ಸೈಟಿಗೂ ಬೋಣಿ ಮಾಡಿಸುತ್ತಾರೆ. ಬೆಳಿಗ್ಗೆ ಏಳೂವರೆಗೆ ಅವರ ತಾಯಿ ಮುನಿತಾಯಮ್ಮನವರು ದೇವರಿಗೆ ದೀಪ ಹಚ್ಚಿ, ಮೊಬೈಲಿನಲ್ಲಿ ವೆಬ್‌ಸೈಟ್ ತೆರೆದು, ದೀಪಾಲೆ ಕಂಬದ ಚಿತ್ರಕ್ಕೆ ಕೈ ಮುಗಿಯುತ್ತಾರೆ. ಆಮೇಲೆ ಅವರು ತೆರೆದ ಅದೇ ಲಿಂಕ್ ವಾಟ್ಸಾಪ್ ಗುಂಪಿಗೆ ಬರುತ್ತದೆ. ಆ ಗುಂಪಿನಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಬೀಗರು, ಇಪ್ಪತ್ತಾರು ಮನೆಯ ಬಾಡಿಗೆದಾರರು ಎಲ್ಲರೂ ಇದ್ದಾರೆ. ಎಲ್ಲರೂ ತೆರೆದು, ಒಂದಷ್ಟು ಪುಟ ತಿರುವಿ, ಗುಂಪಿನಲ್ಲಿ ಕೈಮುಗಿದ ಚಿಹ್ನೆ ಹಾಕಬೇಕು. ಬಾಡಿಗೆದಾರರು ದಿನಕ್ಕೆ ಮೂರು ಸಲ ತೆರೆಯುತ್ತಾರೆ. ಮನೆ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗುತ್ತಾರೆ ಪಾಪ. ಆಫೀಸಿಗೆ ಬಂದ ಮೇಲೆ ನಾವೂ ಒಂದು ಸುತ್ತು ತೆರೆಯಬೇಕು.

ಈ ಮಂದಿಯೆಲ್ಲ ಸೇರಿ ಆಗುವ ಜಾತ್ರೆಯನ್ನು ತಾನೇ ಕರೆತಂದೆ ಎಂದು ಹೇಳಿಕೊಳ್ಳುವವನು ಗೌತಮ್. ಇಪ್ಪತ್ತೊಂಬತ್ತು ವರ್ಷ, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟು, ಗ್ರೋತ್ ಹೆಡ್ ಎಂಬ ಹುದ್ದೆ. ಏನು ಬೆಳೆಸಿದ ಎಂದು ಕೇಳಿದರೆ ಗಡ್ಡ ಬಿಟ್ಟು ಬೇರೇನೂ ನನಗೆ ಕಂಡಿಲ್ಲ.

ನನ್ನ ಪಕ್ಕದ ಕುರ್ಚಿ ಗುರುದೇವಿಯದು. ಕುಷ್ಟಗಿ ಕಡೆಯ ಹುಡುಗಿ, ಬಾಪೂಜಿ ನಗರದಲ್ಲಿ ಪಿ.ಜಿ. ಊರಲ್ಲಿ ತಂಗಿಯನ್ನು ನರ್ಸಿಂಗ್ ಓದಿಸುತ್ತಿರುವವಳು ಇವಳೇ. ವೆಬ್‌ಸೈಟಿನಲ್ಲಿ 'ನಮ್ಮೊಂದಿಗೆ ಮಾತಾಡಿ' ಎಂಬ ಬಟನ್ ಒತ್ತಿದವರ ಜೊತೆ ಮಾತಾಡುವುದು ಅವಳ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಹೇಳ್ರಿ ಅವ್ವಾರ," "ಕಲಾಯಿ ಹಾಕಿಸಿದ್ದ ಐತ್ರಿ," ಎನ್ನುತ್ತಾ ಏನೋ ಟೈಪ್ ಮಾಡುತ್ತಿರುತ್ತಾಳೆ. ನನ್ನನ್ನು ಅಕ್ಕಾ ಎನ್ನುತ್ತಾಳೆ. ಮಧ್ಯಾಹ್ನ ನನ್ನ ಚಿತ್ರಾನ್ನಕ್ಕೆ ಶೇಂಗಾ ಚಟ್ನಿಪುಡಿ ಹಾಕುತ್ತಾಳೆ.

ಒಂದು ಬುಧವಾರ ಮೀಟಿಂಗಿನಲ್ಲಿ ಗೌತಮ್ ಶುರು ಮಾಡಿದ. "ಸಾರ್, ಚಾಟಿಗೆ ಒಂದು ಬಾಟ್ ಹಾಕ್ಬಿಡೋಣ. ಮನುಷ್ಯರೇ ಬೇಡ, ಇಪ್ಪತ್ನಾಲ್ಕು ಗಂಟೆನೂ ಕಂಪ್ಯೂಟರೇ ಮಾತಾಡತ್ತೆ. ಗುರುದೇವಿಯಿಂದ ಏನು ಸೇಲ್ ಆಗ್ತಿದೆ ಹೇಳಿ? ಡೇಟಾ ಎಲ್ಲಿದೆ?"

ಯಜಮಾನರು ನನ್ನ ಕಡೆ ತಿರುಗಿದರು. "ಕುಸುಮಾ ಅವ್ರೇ, ಎಲ್ಲಿದೆಯಮ್ಮ?"

"ಈಗಿನ ವರದಿಲಿ ಅದು ಕಾಣಲ್ಲ ಸಾರ್. ಬೇರೆ ಥರ ಮಾಡ್ಬೇಕು."

"ಮಾಡಿ. ಸೋಮವಾರ ನೋಡಿ ತೀರ್ಮಾನ ಮಾಡ್ತೀನಿ. ಉಪಯೋಗ ಇದ್ರೆ ಇರ್ಲಿ ಹುಡುಗಿ, ಇಲ್ದಿದ್ರೆ ಬೇಡ."

ಗುರುದೇವಿ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಧೈರ್ಯ ಹೇಳಿದೆ. ಈ ಗಡ್ಡದವನ ಬಂಡವಾಳ ಬಯಲು ಮಾಡಲು ಎರಡು ವರ್ಷದಿಂದ ಕಾಯುತ್ತಿದ್ದೆ, ಈಗ ಅವನೇ ಬಂದು ತಲೆ ಕೊಟ್ಟಿದ್ದ.

ನನಗೆ ಬೇಕಾದದ್ದೆಲ್ಲ ಆ ಲೆಕ್ಕ ಹಿಡಿಯುವ ಸಾಫ್ಟ್‌ವೇರಿನಲ್ಲೇ ಮೊದಲಿನಿಂದ ಇತ್ತು. ಬಂದವರನ್ನು ಗುಂಪು ಗುಂಪಾಗಿ ಬೇರೆ ಮಾಡಬಹುದು. ಅದಕ್ಕೆ ಸೆಗ್ಮೆಂಟ್ ಎನ್ನುತ್ತಾರೆ. ಬೇಕಾದ ನಾಲ್ಕು ಅಂಕಿಗಳನ್ನು ಮಾತ್ರ ಆರಿಸಿ ನಮ್ಮದೇ ವರದಿ ಕಟ್ಟಿಟ್ಟರೆ, ಪ್ರತಿ ವಾರ ಅದು ತಾನೇ ತಯಾರಾಗಿ ಹೇಳಿದ ಹೊತ್ತಿಗೆ ಹೇಳಿದವರ ಮೇಲ್‌ಗೆ ಹೋಗುತ್ತದೆ. ಐವತ್ತೆಂಟು ಪುಟವೇ ಬೇಕು ಎಂದು ಯಜಮಾನರು ಹಟ ಹಿಡಿದಿದ್ದಕ್ಕೆ ನಾನು ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಕೂತೆ. ವಾಟ್ಸಾಪ್ ಗುಂಪಿನ ಲಿಂಕಿನ ಬಾಲದಲ್ಲಿ ಗುಂಪಿನ ಹೆಸರೇ ಇತ್ತು, ಆ ಲಿಂಕಿನಿಂದ ಬಂದವರನ್ನೆಲ್ಲ ತೆಗೆದೆ. ನಮ್ಮ ಆಫೀಸಿನ ಇಂಟರ್ನೆಟ್ಟಿನಿಂದ ಬಂದವರನ್ನೂ ತೆಗೆದೆ. ಉಳಿದ ಗುಂಪಿಗೆ 'ಬೋಣಿ ಮಂದಿಯನ್ನು ಬಿಟ್ಟು' ಎಂದು ಹೆಸರಿಟ್ಟೆ. ಮೊದಲ ಪುಟದಲ್ಲಿ ನಿಜವಾಗಿ ಬಂದವರು, ಎರಡನೆಯದರಲ್ಲಿ ಗುರುದೇವಿಯ ಬಟನ್ ಒತ್ತಿದವರಲ್ಲಿ ಎಷ್ಟು ಜನ ಆರ್ಡರ್ ಮಾಡಿದರು. ಇಷ್ಟೇ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಜಮಾನರಿಗೂ ಗೌತಮನಿಗೂ ಹೋಗುವಂತೆ ಹಾಕಿದೆ. ಎರಡು ದಿನದ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಹಿಂದಿನ ವಾರದ ಮೇಲೆ ಅದನ್ನು ಓಡಿಸಿ ಮೊದಲ ಪುಟ ನೋಡಿದೆ. ನಾಲ್ಕು ಸಾವಿರದ ನಾನೂರು ಜನ ಇದ್ದ ಜಾಗದಲ್ಲಿ ಒಂದು ಸಾವಿರದ ಒಂಬೈನೂರು. ನನಗೆ ನಗು ತಡೆಯಲಾಗಲಿಲ್ಲ. ಗ್ರೋತ್ ಹೆಡ್ಡಿನ ಗ್ರೋತೆಲ್ಲ ಮಲ್ಲತ್ತಹಳ್ಳಿಯ ಬಾಡಿಗೆದಾರರದು! ಎರಡನೆಯ ಪುಟ ತೆರೆಯುವ ಅಗತ್ಯವೇ ಕಾಣಲಿಲ್ಲ. ಗುರುದೇವಿ ದಿನವಿಡೀ ಮಾತಾಡುವುದನ್ನು ಕಿವಿಯಾರೆ ಕೇಳುತ್ತಿದ್ದೆನಲ್ಲ.

"ಏನಾತ್ರಿ ಅಕ್ಕಾ, ನಗಾಕತ್ತೀರಿ?" ಎಂದಳು ಗುರುದೇವಿ, ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ.

"ಸೋಮವಾರ ನೋಡ್ತಿರು ಕಣೇ, ನಿನ್ನ ಕೆಲ್ಸಕ್ಕೆ ಯಾವನೂ ಕೈ ಹಾಕಂಗಿಲ್ಲ," ಎಂದೆ.

ಸೋಮವಾರ ಹನ್ನೊಂದಕ್ಕೆ ಬರುತ್ತೇನೆಂದು ಮೆಸೇಜ್ ಹಾಕಿ, ಮನೆ ಹತ್ತಿರದ ಹೋಟೆಲಿನಲ್ಲಿ ಸೆಟ್ ದೋಸೆ ತಿಂದು, ಎರಡು ಕಾಫಿ ಕುಡಿದು ನಿಧಾನವಾಗಿ ಆಫೀಸಿಗೆ ಹೋದೆ. ವರದಿ ಒಂಬತ್ತಕ್ಕೆ ತಾನೇ ಹೋಗಿರುತ್ತದೆ, ನಾನೇಕೆ ಓಡಬೇಕು? ಗುರುದೇವಿಯ ಕುರ್ಚಿ ಖಾಲಿಯಿತ್ತು. ಮೇಜಿನ ಮೇಲೆ ಹೆಡ್‌ಫೋನ್ ಸುತ್ತಿಟ್ಟಿದ್ದಳು.

ಒಳಗೆ ಯಜಮಾನರ ಮುಖ ಕೆಂಪಾಗಿತ್ತು.

"ಏನಮ್ಮ ಇದು? ನಮ್ಮವ್ವನ್ನೇ ತೆಗೆದ್ಹಾಕಿದೀರಾ? ಅವರ ಕೈಗುಣ ನಿಮ್ ಲೆಕ್ಕಕ್ಕೆ ಬರಲ್ವಾ?"

"ಅವರು ಗಿರಾಕಿ ಅಲ್ವಲ್ಲ ಸಾರ್."

ನನ್ನ ನಿರೀಕ್ಷೆಯಲ್ಲಿ ಗೌತಮ್ ಬೆವರುತ್ತಿರಬೇಕಿತ್ತು. ಅವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಇಲ್ಲ ಸಾರ್, ಮೇಡಂ ಒಳ್ಳೆ ಕೆಲ್ಸ ಮಾಡಿದಾರೆ. ಕ್ಲೀನ್ ಡೇಟಾ. ನಾನೇ ಕೇಳ್ಬೇಕು ಅಂತಿದ್ದೆ," ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. "ಎರಡನೇ ಪೇಜ್ ನೋಡಿ. ವಾರಕ್ಕೆ ಇನ್ನೂರ ಹತ್ತು ಜನ ಚಾಟ್ ಬಟನ್ ಒತ್ತಿದಾರೆ. ಆರ್ಡರ್ ಮೂರು. ಅದಕ್ಕೇ ಸಾರ್ ಬೆಳಿಗ್ಗೆನೇ ಆ ಹುಡುಗಿನ ಕಳಿಸ್ಬಿಟ್ರು."

ಮೂರು. ನಾನು ಎರಡು ಸಲ ನೋಡಿದೆ, ಮೂರೇ ಇತ್ತು. ಕೆಳಗೆ ವಾರದ ಒಟ್ಟು ಆರ್ಡರ್ ಇಪ್ಪತ್ಮೂರು ಎಂದಿತ್ತು. ಅದೇ ವಾರ ಮೆಟ್ಟಿಲಿಳಿದು ಹೋದ ಪಾರ್ಸಲ್ಲುಗಳು ತೊಂಬತ್ತನಾಲ್ಕು. ಮೇಜಿನ ಸುತ್ತ ಕೂತಿದ್ದ ಇಬ್ಬರು ಬುದ್ಧಿವಂತರಿಗೂ ಉಳಿದವು ಎಲ್ಲಿಂದ ಬಂದವು ಎಂದು ಕೇಳಲು ಹೊಳೆದಿರಲಿಲ್ಲ. ಮೂರನೆಯ ಬುದ್ಧಿವಂತೆ ಸೆಟ್ ದೋಸೆ ತಿನ್ನುತ್ತಿದ್ದಳು.

ಹೊರಗೆ ಬಂದು ಗುರುದೇವಿಯ ಕಂಪ್ಯೂಟರ್ ತೆರೆದಾಗ ವಿಷಯ ತಿಳಿಯಿತು. ಬಟನ್ ಒತ್ತುವವರು ಹೆಚ್ಚಿನವರು ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಹೆಂಗಸರು. ಪಾತ್ರೆ ಆರಿಸಲು ಅವರಿಗೆ ಬರುತ್ತದೆ, ಆದರೆ ಪಿನ್‌ಕೋಡ್, ಓ.ಟಿ.ಪಿ. ಎಂದು ಪುಟದ ಮೇಲೆ ಪುಟ ತುಂಬಲು ಬರುವುದಿಲ್ಲ. ಗುರುದೇವಿ ಫೋನಿನಲ್ಲೇ ವಿಳಾಸ ಕೇಳಿ, ಅವರ ಹೆಸರಿನಲ್ಲಿ ತಾನೇ ಇಲ್ಲಿಂದ ಆರ್ಡರ್ ಹಾಕುತ್ತಿದ್ದಳು. ಆಫೀಸಿನ ಇಂಟರ್ನೆಟ್ಟಿನಿಂದ. ನಾನು ಬೋಣಿ ಮಂದಿಯ ಜೊತೆ ಗುಡಿಸಿ ಹಾಕಿದ್ದು ಅವಳ ಎಪ್ಪತ್ತೊಂದು ಆರ್ಡರುಗಳನ್ನು.

ಐದು ನಿಮಿಷದಲ್ಲಿ ಇನ್ನೊಂದು ಸೆಗ್ಮೆಂಟ್ ಮಾಡಿದೆ. ಅವಳ ಕಂಪ್ಯೂಟರಿನಿಂದ ಬಿದ್ದ ಆರ್ಡರುಗಳು ಮಾತ್ರ. ಎಪ್ಪತ್ತೊಂದು, ಪ್ರತಿಯೊಂದರ ಊರಿನ ಹೆಸರು ಸಮೇತ. ಪ್ರಿಂಟ್ ತೆಗೆದುಕೊಂಡು ಒಳಗೆ ಓಡಿದೆ.

"ತಪ್ಪು ನಂದು ಸಾರ್. ಇವೆಲ್ಲ ಆ ಹುಡುಗಿ ತಂದಿದ್ದು. ದಯವಿಟ್ಟು ವಾಪಸ್ ಕರೀರಿ."

ಯಜಮಾನರು ಕನ್ನಡಕ ಹಾಕಿಕೊಂಡರು. ಅವರ ಮನಸ್ಸು ಒಂದು ಕ್ಷಣ ಈ ಕಡೆ ವಾಲಿದ್ದು ನಿಜ. ಆಗ ಗೌತಮ್ ಮೆಲ್ಲಗೆ ಹೇಳಿದ. "ಆಫೀಸಿಂದ ಬಿದ್ದಿದ್ದು ಲೆಕ್ಕಕ್ಕಿಲ್ಲ ಅಂದಿದ್ದು ನೀವೇ ಅಲ್ವಾ ಮೇಡಂ? ಸಾರ್ ಅವರ ತಾಯಿದು ಬೇಡ ಅಂತೀರ, ನಿಮ್ ಫ್ರೆಂಡದು ಬೇಕು ಅಂತೀರ. ಇದ್ಯಾವ ನ್ಯಾಯ?"

ಯಜಮಾನರು ಕನ್ನಡಕ ತೆಗೆದರು. "ಹೋಗ್ಲಿ ಬಿಡಮ್ಮ. ಒಂದ್ಸಲ ಹೇಳಾಯ್ತು. ಬಾಟ್ ಒಂದ್ ನೋಡೇ ಬಿಡಾಣ."

ಎರಡು ವರ್ಷದಲ್ಲಿ ಗೌತಮ್ ಆಡಿದ ಒಂದೇ ಒಂದು ಬುದ್ಧಿಯ ಮಾತು ಅದು, ಅದಕ್ಕೆ ಬೇಕಾದ ಸಾಮಾನೆಲ್ಲ ನಾನೇ ಒದಗಿಸಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮಧ್ಯಾಹ್ನ ರಜೆ ಬರೆದಿಟ್ಟು ಬಾಪೂಜಿ ನಗರಕ್ಕೆ ಹೋದೆ. ಪಿ.ಜಿ.ಯ ಮೂರನೆಯ ಮಹಡಿ, ಆರು ಮಂಚದ ಕೋಣೆ. ಗುರುದೇವಿ ಮಂಚದ ಮೇಲೆ ಬಟ್ಟೆ ಮಡಿಸುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಳು. "ಹುಣಸಿಹಣ್ಣು ಹಚ್ಚಿ ತಿಕ್ಕರಿ ಅವ್ವಾರ, ಲಿಂಬಿಹಣ್ಣು ಬ್ಯಾಡ... ಇಲ್ರಿ, ನಾ ಈಗ ಅಲ್ಲಿಲ್ರಿ." ಯಾರೋ ಗಿರಾಕಿ. ಕೆಲಸ ಹೋದ ದಿನವೂ ಅವಳು ಪಾತ್ರೆ ತಿಕ್ಕುವುದನ್ನು ಹೇಳಿಕೊಡುತ್ತಿದ್ದಳು.

ಫೋನಿಟ್ಟು ನನಗೆ ಕುರ್ಚಿ ಸರಿಸಿದಳು. ನಾನು ಎಲ್ಲವನ್ನೂ ಹೇಳಿದೆ. ಸೆಗ್ಮೆಂಟು, ಆಫೀಸಿನ ಇಂಟರ್ನೆಟ್ಟು, ಎಪ್ಪತ್ತೊಂದು, ಗೌತಮ್ ಆಡಿದ ಮಾತು. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಒಂದು ಚೂಡಿದಾರ ಮಡಿಸಿ ಮುಗಿಸಿ, ಅದರ ಮೇಲೆ ಕೈ ಆಡಿಸುತ್ತಾ ಕೇಳಿದಳು:

"ಅಕ್ಕಾ, ನಾ ನಿಮ್ಮ ಬಾಜೂಕ ಕುಂತ ಆರ್ಡರ್ ಹಾಕ್ತಿದ್ನಿ. ಏನ್ ಟೈಪ್ ಮಾಡ್ತೀ ಗುರುದೇವಿ ಅಂತ ಒಂದ್ ಮಾತ್ ಕೇಳಿದ್ರ ಹೇಳ್ತಿರ್ಲಿಲ್ಲೇನ್ರಿ?"

ಟೈಮ್ ಇರಲಿಲ್ಲ ಕಣೇ ಎನ್ನಲು ಬಾಯಿ ತೆರೆದೆ. ಗುರುವಾರ ಹನ್ನೊಂದರೊಳಗೆ ನನ್ನ ಕೆಲಸ ಮುಗಿದಿತ್ತು. ಆ ದಿನ, ಶುಕ್ರವಾರ ಇಡೀ ದಿನ, ಗೌತಮನನ್ನು ಯಾವ ಮಾತಿನಲ್ಲಿ ಹಂಗಿಸಬೇಕೆಂದು ಲೆಕ್ಕ ಹಾಕುತ್ತಾ ನಾನು ಅವಳ ಪಕ್ಕದಲ್ಲೇ ಸುಮ್ಮನೆ ಕೂತಿದ್ದೆ.