ಪೆನ್ಸಿಲಿನಲ್ಲಿ ಬರೆದ ನಂಬರು

ವಿಮಾನದ ಮೂತಿಗೆ ಕೂರಿಸಿದ್ದ ಲೋಹದ ಟೋಪಿಯ ಆರನೆಯ ತಿರುಪನ್ನು ಗ್ವೆಂಡಾ ಬಿಚ್ಚುತ್ತಿದ್ದಾಗ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಏರ್‌ಫೀಲ್ಡಿನ ಹಳೆಯ ಮೆಕ್ಯಾನಿಕ್ ಅರ್ನಾಲ್ಡ್ ಟಾಪ್ಲಿಸ್ ಅವರನ್ನು ಮಣ್ಣು ಮಾಡುವುದು ಎರಡು ಗಂಟೆಗೆ. ಅವರ ಕೈಕೆಳಗೆ ಕಲಿತವರು ಹೇಳಬೇಕಾದ ಕತೆ ಇದು. ಎಂಜಿನ್ನಿನ ಸಂಗತಿ ಅರ್ಧಂಬರ್ಧ ಬಲ್ಲ ನಾನು ಹೇಳಹೊರಟಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು.

"ಅದನ್ನ್ಯಾಕೆ ಬಿಚ್ತಿದ್ದೀಯ ಮಾರಾಯ್ತಿ?" ಎಂದ ಡೆರೆಕ್. ವಿಮಾನ ಅವನದು, ಎರಡೇ ಸೀಟಿನ, ಅವನಿಗಿಂತ ವಯಸ್ಸಾದ ಹಳದಿ ವಿಮಾನ. ಶವಪೆಟ್ಟಿಗೆಯನ್ನು ಕುಣಿಗೆ ಇಳಿಸುವಾಗ ಅದು ಮೇಲೆ ಒಂದು ಸುತ್ತು ಹಾರಿ ಹೋಗಲಿ ಎಂದು ಟಾಪ್ಲಿಸರ ಹೆಂಡತಿ ಮೇವಿಸ್ ಕೇಳಿಕೊಂಡಿದ್ದರು. ಅವರು ಕೇಳಿದ್ದು ಅದೊಂದನ್ನೇ. "ವರ್ಷದ ತಪಾಸಣೆಗೆ ಭಾಗಗಳ ನಂಬರೆಲ್ಲಾ ಟಾಪ್ಲಿಸರೇ ಬರೆದಿಟ್ಟಿದ್ದಾರೆ. ನೀನು ಸಹಿ ಹಾಕಿದ್ರೆ ಮುಗೀತು."

"ಪೆನ್ಸಿಲಲ್ಲಿ ಬರೆದಿದ್ದಾರೆ, ಡೆರೆಕ್."

"ಪೆನ್ಸಿಲ್ಲಾದ್ರೇನು, ಮಸಿಯಾದ್ರೇನು? ಅಕ್ಷರ ಅವರದೇ ತಾನೆ?"

ಅಕ್ಷರ ಅವರದೇ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಬರೆದದ್ದು.

*

ಹದಿನಾಲ್ಕು ವರ್ಷದ ಹಿಂದೆ ಗ್ವೆಂಡಾ ಲಿಂಕನ್‌ಶೈರಿನ ಆ ಹುಲ್ಲಿನ ಏರ್‌ಫೀಲ್ಡಿನಲ್ಲಿ ಚಹಾ ಮಾರುತ್ತಿದ್ದಳು. ಒಂದು ದಿನ ಶೆಡ್ಡಿಗೆ ಚಹಾ ಕೊಡಲು ಹೋದವಳು ಇದೇ ಹಳದಿ ವಿಮಾನದ ಮುಂದಿದ್ದ ಟಾಪ್ಲಿಸರನ್ನು ಕೇಳಿದಳು: "ಪ್ರತಿ ಸಲ ಆ ಟೋಪಿ ಯಾಕೆ ತೆಗೀತೀರಿ? ದಾಖಲೆ ಪುಸ್ತಕದಲ್ಲಿ ಎಲ್ಲಾ ಇದೆಯಲ್ಲ?"

ಅವರು ಅವಳ ಹೆಬ್ಬೆರಳು ಹಿಡಿದು, ಪ್ರೊಪೆಲ್ಲರಿನ ನಡುವೆ ಲೋಹದಲ್ಲಿ ಒತ್ತಿದ್ದ ಅಂಕಿಗಳ ಮೇಲಿಟ್ಟರು.

"ಈ ವಿಮಾನ ಹುಟ್ಟಿದಾಗ ಇದ್ದದ್ದು ಅರವತ್ತೈದು ಕುದುರೆಶಕ್ತಿಯ ಎಂಜಿನ್ನು. ಆಮೇಲೆ ಯಾರೋ ಎಂಬತ್ತೈದರದ್ದು ಕೂರಿಸಿದ್ರು. ಅದಕ್ಕೊಂದು ಪ್ರೊಪೆಲ್ಲರು, ಇದಕ್ಕೊಂದು. ನೋಡೋಕೆ ಅಕ್ಕತಂಗೀರ ಥರ. ಅದಲುಬದಲಾದ್ರೆ ಎಂಜಿನ್ನು ಮಿತಿಮೀರಿ ತಿರುಗತ್ತೆ, ಅಲಗು ಬಿರುಕು ಬಿಡತ್ತೆ. ಪುಸ್ತಕ ಬರೆದೋನಿಗೆ ಅವತ್ತು ಊಟದ ಅವಸರ ಇತ್ತೋ ಏನೋ, ನಿಂಗೆ ಹೇಗೆ ಗೊತ್ತು ಹುಡುಗೀ?"

ಅಂದಿನಿಂದ ಅವರೇ ಕಲಿಸಿದರು. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಹತ್ತು ನಂಬರು ಬರೆದು, ಒಂದನ್ನು ಬೇಕೆಂದೇ ತಪ್ಪು ಬರೆದು, ವಿಮಾನದ ಮುಂದೆ ಅವಳನ್ನು ನಿಲ್ಲಿಸುತ್ತಿದ್ದರು. ತಪ್ಪು ಹಿಡಿದರೆ ಒಂದು ಬಿಸ್ಕತ್ತು. ಹಿಡಿಯದಿದ್ದರೆ ಅವರ ಎಣ್ಣೆಜಿಡ್ಡಿನ ಲೋಟ ಅವಳೇ ತೊಳೆಯಬೇಕು. ಮೊದಲ ವರ್ಷವಿಡೀ ಅವಳು ಲೋಟ ತೊಳೆದಳು. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಅತ್ತಾಗಲೂ ಅವರು ಸಮಾಧಾನ ಹೇಳಲಿಲ್ಲ, ಇನ್ನೊಂದು ಚೀಟಿ ಬರೆದರು. ಮೂರನೆಯ ಸಲ ಅವಳಿಗೂ ಸಹಿ ಹಾಕುವ ಅಧಿಕಾರ ಸಿಕ್ಕಿತು.

*

ಟೋಪಿ ಕಳಚಿತು. ಗ್ವೆಂಡಾ ಬಟ್ಟೆಯಿಂದ ಒರೆಸಿ ಓದಿದಳು. ಮತ್ತೆ ಒರೆಸಿದಳು, ಕನ್ನಡಕ ಒರೆಸಿದಳು, ಹೆಬ್ಬೆರಳಿಟ್ಟು ನೋಡಿದಳು. ಕಾಗದದಲ್ಲಿ ಕೊನೆಯ ಎರಡು ಅಂಕಿ ನಲವತ್ತೆಂಟು. ಲೋಹದ ಮೇಲೆ ನಲವತ್ತೆರಡು.

"ಚಳಿಗಾಲದಲ್ಲಿ ಪ್ರೊಪೆಲ್ಲರನ್ನ ರಿಪೇರಿಗೆ ಕಳಿಸಿದ್ದೆಯಲ್ಲ, ವಾಪಸ್ ಬಂದದ್ದು ನಿನ್ನದಲ್ಲ. ಇದು ಸಣ್ಣ ಎಂಜಿನ್ನಿನದು."

ಡೆರೆಕ್ ಬಾಗಿ ಅಂಕಿ ನೋಡಿದ. "ಐದೇ ನಿಮಿಷ ಹಾರೋದು, ಗ್ವೆಂಡಾ. ಮೇವಿಸ್‌ಗೆ ಏನಂತ ಹೇಳ್ತೀಯ? ನಿಮ್ಮ ಗಂಡ ಕೊನೇ ಸಲ ತಪ್ಪು ಬರೆದು ಹೋದರು ಅಂತಲಾ? ಇವತ್ತಾ?"

"ಹಾರೋದು ಬೇಡ," ಎಂದು ಗ್ವೆಂಡಾ ಆ ಕಾಗದವನ್ನು ಮಡಚಿ ಜೇಬಿಗಿಟ್ಟಳು. ಪೆನ್ನು ತೆರೆಯಲಿಲ್ಲ.

ಮೇವಿಸ್ ಕಪ್ಪು ಹ್ಯಾಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಗ್ವೆಂಡಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

"ನೀನು ಟೋಪಿ ಬಿಚ್ಚಿ ನೋಡಿದೆಯಾ?"

"ನೋಡಿದೆ."

"ಹಾರೋದು ಬೇಡ ಅಂದೆಯಾ?"

"ಅಂದೆ. ನನ್ನನ್ನ ಕ್ಷಮಿಸಿಬಿಡಿ, ಮಿಸೆಸ್ ಟಾಪ್ಲಿಸ್."

ಮೇವಿಸ್ ಚಾಕು ಕೆಳಗಿಟ್ಟರು. ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ. "ನಮ್ಮ ಮದುವೆ ದಿನಾನೂ ಯಾವನದೋ ವಿಮಾನ ತಡೆದು ನಿಲ್ಲಿಸಿ, ಮುಕ್ಕಾಲು ಗಂಟೆ ತಡವಾಗಿ ಚರ್ಚಿಗೆ ಬಂದ ಕಣೇ ಪುಣ್ಯಾತ್ಮ! ಉಗುರಲ್ಲಿ ಕರಿ ಎಣ್ಣೆ ಬೇರೆ. ನಮ್ಮಪ್ಪ ಕೆಂಡವಾಗಿದ್ದರು. ಆ ಪೈಲಟ್ಟಿದ್ದಾನಲ್ಲ, ಈಗಲೂ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸ್ತಾನೆ." ಕಣ್ಣೊರೆಸಿಕೊಂಡರು. "ಹಾರದಿದ್ರೆ ಬೇಡ. ತಳ್ಕೊಂಡು ಬನ್ನಿ."

ಏರ್‌ಫೀಲ್ಡಿನ ಅಂಚಿಗೇ ಚರ್ಚಿನ ಗೋಡೆ. ಎಂಟು ಮಂದಿ ಮುದುಕರು ಕಪ್ಪು ಸೂಟಿನಲ್ಲಿ, ಪಾಲಿಶ್ ಮಾಡಿದ ಬೂಟುಗಳನ್ನು ಒದ್ದೆ ಹುಲ್ಲಲ್ಲಿ ಜಾರಿಸುತ್ತಾ ವಿಮಾನ ತಳ್ಳಿದರು.

"ಟಾಪ್ಲಿಸರು ಸತ್ತ ಮೇಲೂ ನನ್ನನ್ನ ನೆಲದ ಮೇಲೇ ಇಟ್ರಲ್ಲಪ್ಪ," ಎಂದ ಡೆರೆಕ್, ಏದುಸಿರು ಬಿಡುತ್ತಾ.

"ನೆಲದ ಮೇಲಿದ್ದೀಯಲ್ಲ, ಕೆಳಗಲ್ಲವಲ್ಲ. ತಳ್ಳು ಸುಮ್ಮನೆ," ಎಂದರು ಪಕ್ಕದವರು.

ಟೋಪಿಯಿಲ್ಲದ ಬೋಳು ಮೂತಿ ಗೋಡೆಯಾಚೆಗೆ ಇಣುಕುತ್ತಿರುವಾಗಲೇ ಪೆಟ್ಟಿಗೆ ಕೆಳಗಿಳಿಯಿತು. ಆಮೇಲೆ ಮೇವಿಸ್ ಗೋಡೆಯ ಬಳಿ ಬಂದು, ಕೈಗವಸು ಕಳಚಿ, ಆ ಅಂಕಿಗಳ ಮೇಲೆ ಹೆಬ್ಬೆರಳನ್ನಿಟ್ಟು ಸ್ವಲ್ಪ ಹೊತ್ತು ನಿಂತರು.

ಎಲ್ಲರೂ ಚಹಾಕ್ಕೆ ಕೂತಾಗ ಅವರು ಗ್ವೆಂಡಾಳ ತಟ್ಟೆಯಲ್ಲಿ ಒಂದು ಬಿಸ್ಕತ್ತು ಇಟ್ಟು ಮುಂದೆ ಹೋದರು. ಗ್ವೆಂಡಾ ಅದನ್ನು ತಿನ್ನಲಿಲ್ಲ. ಕರವಸ್ತ್ರದಲ್ಲಿ ಸುತ್ತಿ, ಪೆನ್ಸಿಲಿನ ಆ ಕಾಗದವಿದ್ದ ಜೇಬಿನಲ್ಲೇ ಇಟ್ಟುಕೊಂಡಳು.

ಆ ಅಂಕಿ ಟಾಪ್ಲಿಸರ ಕಣ್ಣು ಮಂಜಾಗಿ ತಪ್ಪಿದ್ದೋ, ಹಳೆಯ ಪುಸ್ತಕದಿಂದ ಇಳಿಸಿಕೊಂಡದ್ದೋ, ಅವಳಿಗೆಂದೇ ಬಿಟ್ಟು ಹೋದದ್ದೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲವಂತೆ.