ಎದುರಿಗೇ ಬರೆದ ಉತ್ತರ

"ಇದು ನೀನೇ ಬರ್ದಿದ್ದಾ?"

ಯೋಗೇಶ್ ಸರ್ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಸುಕನ್ಯಾಳ ಕಡೆ ತಳ್ಳಿದರು. ಚಿಕ್ಕಮಗಳೂರಿನ ಆ ನರ್ಸಿಂಗ್ ಕಾಲೇಜಿನಲ್ಲಿ ಫಿಸಿಯಾಲಜಿ ಕಲಿಸುವವರು ಅವರು. ಹಿಂದಿನ ಎರಡು ಟೆಸ್ಟುಗಳಲ್ಲಿ ಅವಳಿಗೆ ಬಂದದ್ದು ಐವತ್ತಕ್ಕೆ ಒಂಬತ್ತು, ಹನ್ನೊಂದು. ಈ ಸಲ ಪುಟ ತುಂಬ ಉತ್ತರವಿತ್ತು. ಅನುಮಾನ ಹುಟ್ಟಿದ್ದೇ ಅದರಿಂದ. ಕಾಪಿ ಎಂದು ತೀರ್ಮಾನವಾದರೆ ವಾರ್ಷಿಕ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ, ಒಂದು ವರ್ಷ ಹೋದಂತೆಯೇ.

"ನಾನೇ ಸರ್."

ಮಲ್ಲಂದೂರಿನ ಕಾಫಿ ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಸುಕನ್ಯಾ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಇಲ್ಲಿ ಇಂಗ್ಲಿಷ್ ಪುಸ್ತಕವನ್ನು ಬಾಯಿಪಾಠ ಮಾಡುತ್ತಿದ್ದಳು. ನಡುವೆ ಒಂದು ಪದ ಮರೆತರೆ ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಆದರೆ ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಕಾಲು ಊದಿದ್ದೇಕೆಂದು ಅವಳು ಬಿಡಿಸಿ ಹೇಳುವುದನ್ನು ಟ್ಯೂಟರ್ ರಜನಿ ಕೇಳಿಸಿಕೊಂಡಿದ್ದರು. "ಇಷ್ಟು ಗೊತ್ತಿದ್ದೂ ಯಾಕೆ ಬರೆಯಲ್ಲ ಮಾರಾಯ್ತಿ?" ಎಂದು ಆರು ವಾರ ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಕಲಿಸಿದರು. ಮೊದಲು ಕನ್ನಡದಲ್ಲಿ ಹೇಳಬೇಕು. ಆಮೇಲೆ ಏನಾಯಿತು, ಯಾಕಾಯಿತು, ಮುಂದೇನಾಗುತ್ತದೆ ಎಂದು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬೇಕು.

ಈಗ ರಜನಿಯೂ ಅಲ್ಲೇ ನಿಂತಿದ್ದರು. "ಸರ್, ಬೇರೆ ಪ್ರಶ್ನೆ ಕೊಡಿ. ನಿಮ್ಮೆದುರಿಗೇ ಬರೀಲಿ."

ಸುಕನ್ಯಾ ಬೆಚ್ಚಿ ಅವರ ಮುಖ ನೋಡಿದಳು. ಯೋಗೇಶ್ ಸರ್ ಬಿಳಿ ಹಾಳೆ ಕೊಟ್ಟರು. "ವಾಂತಿಭೇದಿ ಆದೋರಿಗೆ ಮೂತ್ರ ಯಾಕೆ ಕಡಿಮೆ ಆಗುತ್ತೆ? ಹತ್ತು ನಿಮಿಷ. ಮೇಡಂ, ನೀವು ಹೊರಗಿರಿ."

ಬಾಗಿಲು ಮುಚ್ಚಿತು.

ಮೂರು ನಿಮಿಷ ಹಾಳೆ ಖಾಲಿಯೇ ಇತ್ತು. ಮೆದುಳಿನಿಂದ ಬರುವ ಹಾರ್ಮೋನಿನ ಹೆಸರು ಏನು ಮಾಡಿದರೂ ನೆನಪಾಗಲಿಲ್ಲ. ಸರ್ ಗಡಿಯಾರ ನೋಡಿದರು. ಹೆಸರಿಗೆ ಜಾಗ ಬಿಟ್ಟು ಅವಳು ಶುರುಮಾಡಿಯೇ ಬಿಟ್ಟಳು. ದೇಹದಿಂದ ನೀರು ಹೋಯಿತು. ರಕ್ತದ ಪ್ರಮಾಣ ಇಳಿಯಿತು. ಮೆದುಳಿಗೆ ಅದು ತಿಳಿದು ಹಾರ್ಮೋನು ಕಳಿಸಿತು. ಕಿಡ್ನಿ ನೀರನ್ನು ಹಿಡಿದಿಟ್ಟುಕೊಂಡಿತು. ಮನಸ್ಸಿನಲ್ಲಿ ಕನ್ನಡ, ಹಾಳೆಯ ಮೇಲೆ ಇಂಗ್ಲಿಷ್. ಒಂಬತ್ತನೇ ನಿಮಿಷಕ್ಕೆ ಖಾಲಿ ಜಾಗದಲ್ಲಿ ಮೂರಕ್ಷರ ಬಿತ್ತು: ಎಡಿಎಚ್.

ಸರ್ ಎರಡು ಸಲ ಓದಿದರು. ಕೆಂಪು ಪೆನ್ನಿನಿಂದ ಒಂದು ಸ್ಪೆಲ್ಲಿಂಗ್ ತಿದ್ದಿದರು. ಬಾಗಿಲು ತೆರೆದು ರಜನಿಯವರನ್ನು ಕರೆದರು. "ಇವ್ಳೇ ಬರ್ದಿರೋದು ಮೇಡಂ. ನಂದೇ ತಪ್ಪು."

ಸುಕನ್ಯಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಟೆಸ್ಟಿನ ಉತ್ತರಪತ್ರಿಕೆಯನ್ನು ಅವರ ಕಡೆ ಸರಿಸಿದಳು. "ಹಂಗಾದ್ರೆ ಇದಕ್ಕೆ ಈಗ್ಲೇ ಮಾರ್ಕ್ಸ್ ಹಾಕಿ ಸರ್. ನಾನು ಇಲ್ಲೇ ನಿಂತಿರ್ತೀನಿ."

ಯೋಗೇಶ್ ಸರ್ ಕುರ್ಚಿ ಎಳೆದುಕೊಂಡು ಕೂತು ಕೆಂಪು ಪೆನ್ನಿನಿಂದ ತಿದ್ದತೊಡಗಿದರು. ಮೂವತ್ತೆರಡು ಬಂತು. ಹಾಲ್ ಟಿಕೆಟ್ ಪಟ್ಟಿಗೆ ಅವಳ ಹೆಸರು ಅವತ್ತೇ ಸೇರಿತು.