ಜಪಾನಿಗೆ ಇಬ್ಬರೇ

ಮದುವೆಯಾದ ಹೊಸತರಲ್ಲಿ ನಾವು ಮೈಸೂರಿಗೆ ಹೋಗಿದ್ದೆವು. ಹನಿಮೂನ್ ಅನ್ನುವ ಮಾತನ್ನು ಆಗ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೋದವರು ನಾನು, ನಮ್ಮವರು, ಅತ್ತೆ ನೀಲಗಂಗಮ್ಮ, ಜೊತೆಗೆ ಅತ್ತೆಯ ತಂಗಿ. ಬೃಂದಾವನದ ದೀಪಗಳನ್ನು ನಾನು ಅತ್ತೆಯ ತಂಗಿಯ ಕೈ ಹಿಡಿದುಕೊಂಡು ನೋಡಿದೆ. ಆಮೇಲಿನ ಹನ್ನೆರಡು ವರ್ಷಗಳಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಬಸವೇಶ್ವರನಗರ ದಾಟಿ ಎಲ್ಲಿಗಾದರೂ ಹೋದ ನೆನಪಿಲ್ಲ.

ಹಾಗಾಗಿ ಎಂಬತ್ತಾರರಲ್ಲಿ ಒಂದು ಸಂಜೆ ನಮ್ಮವರು ಸೋಮಲಿಂಗಪ್ಪ, "ಜಪಾನಿಗೆ ಹೋಗೋಣ ಕಣೇ ಕಮಲಾ, ನಾವಿಬ್ಬರೇ" ಅಂದಾಗ ನನ್ನ ಕಿವಿಗೆ ಜಪಾನು ಬೀಳಲೇ ಇಲ್ಲ. 'ಇಬ್ಬರೇ' ಅನ್ನುವುದೊಂದೇ ಬಿತ್ತು.

ನಮ್ಮವರದು ಗಡಿಯಾರದ ಕಾರ್ಖಾನೆಯಲ್ಲಿ ಕೆಲಸ. ಹೊಸ ಮೆಷಿನ್ನುಗಳನ್ನು ಕೂರಿಸಿಕೊಡಲು ನಕಾಮುರ ಅನ್ನುವ ಇಂಜಿನಿಯರು ಜಪಾನಿನಿಂದ ಬಂದಿದ್ದರು. ಇಲ್ಲಿದ್ದಷ್ಟು ದಿನ ಭಾನುವಾರದ ಊಟ ಅವರಿಗೆ ನಮ್ಮ ಮನೆಯಲ್ಲೇ. ಟೇಬಲ್ಲು ಬೇಡವೆಂದು ನೆಲದ ಮೇಲೆ ಕೂತು, ಅಗಿಯದೆ ಮುದ್ದೆ ನುಂಗಿದ ಆ ಮನುಷ್ಯನಿಗೆ ಅತ್ತೆ ಸೋತೇಹೋಗಿದ್ದರು. ಊರಿಗೆ ಹೊರಡುವಾಗ ಅವರು ತಮ್ಮ ಊಟದ ಕಡ್ಡಿಗಳನ್ನು ಅತ್ತೆಯ ಕೈಯಲ್ಲಿಟ್ಟು ನಡು ಬಗ್ಗಿಸಿ ನಮಸ್ಕಾರ ಮಾಡಿದ್ದರು. ಚೆರ್ರಿ ಹೂ ಬಿಡುವ ಹೊತ್ತಿಗೆ ನಮ್ಮಲ್ಲಿಗೆ ಬನ್ನಿ, ನಮ್ಮ ರೀತಿ ರಿವಾಜು ನೋಡಿ ಅಂತ ನಮ್ಮವರನ್ನು ಕರೆದಿದ್ದರು.

ಶುರುವಾಯಿತು ನೋಡಿ ನಮ್ಮವರ ಸಂಭ್ರಮ. ಹಾಲ್‌ನ ಗೋಡೆಗೆ ಜಪಾನಿನ ನಕ್ಷೆ ಬಂತು. ಹೂ ಬಿಟ್ಟ ಮರದ ಕೆಳಗೆ ಚಾಪೆ ಹಾಸಿ ಊಟ ಮಾಡುವುದು, ಮಂಡಿ ಮಡಿಚಿ ಹಿಮ್ಮಡಿಯ ಮೇಲೆ ಕೂತು ಟೀ ಕುಡಿಯುವುದು, ಬೆಟ್ಟದೂರಿನ ಹಳೇ ಛತ್ರದಲ್ಲಿ ತಂಗಿ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಮಾಡುವುದು, ಎಲ್ಲ ತೀರ್ಮಾನವಾಯಿತು. ಪಾಸ್‌ಪೋರ್ಟು ಇನ್ನೂ ಕೈಗೆ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹಾಲಿನವನಿಗೂ ನಡು ಬಗ್ಗಿಸಿ ಅಭ್ಯಾಸ ಮಾಡುತ್ತಿದ್ದರು, ಪಾಪ ಅವನು ಗಾಬರಿಯಾಗಿ ಅಳತೆಗಿಂತ ಒಂದು ಲೋಟ ಜಾಸ್ತಿಯೇ ಸುರಿದು ಹೋಗುತ್ತಿದ್ದ.

"ಚಪ್ಪಲಿ ಹೊರಗೆ ಬಿಡೋದು, ನೆಲದ ಮೇಲೆ ಕೂರೋದು, ಹಿರಿಯರಿಗೆ ಬಗ್ಗೋದು. ಇದನ್ನ ನೋಡೋಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಉಲ್ಲಾಳದ ನಿಮ್ಮ ಚಿಕ್ಕಮ್ಮನ ಮನೆಗೆ ಹೋದ್ರೆ ಆಗಲ್ವಾ?" ಅಂತ ಕೆಣಕಿದೆ.

"ಅಲ್ಲಿ ಚಿಕ್ಕಮ್ಮ ಇರ್ತಾರಲ್ಲೇ" ಅಂದರು.

ಮೈಸೂರಿಗೆ ಬಂದಿದ್ದು ಅದೇ ಚಿಕ್ಕಮ್ಮ. ನನಗೆ ನಗು ತಡೆಯಲಾಗಲಿಲ್ಲ, ಈ ವಯಸ್ಸಿನಲ್ಲಿ ನಾಚಿಕೆಯೂ ಆಯಿತು. ನನ್ನ ಗಂಡ ಒಳ್ಳೆಯವರು ಅಂತ ಗೊತ್ತಿತ್ತು, ನನ್ನ ಹಾಗೆಯೇ ಅವರೂ ಆ ಮೈಸೂರನ್ನು ಮರೆತಿಲ್ಲ ಅಂತ ಗೊತ್ತಾಗಿದ್ದು ಅವತ್ತೇ.

ಮಕ್ಕಳನ್ನು ಬೇಸಿಗೆ ರಜೆಗೆ ದಾವಣಗೆರೆಗೆ, ನನ್ನ ತವರಿಗೆ ಕಳಿಸುವುದೆಂದಾಯಿತು. ಉಳಿದವರು ಅತ್ತೆ. ಜಪಾನಿಗೆ ಹೋಗುವ ಸುದ್ದಿಯನ್ನು ಇವರು ಊಟದ ಹೊತ್ತಿನಲ್ಲಿ ಹೇಳಿದ್ದರು. ಯಾರು ಯಾರು ಅನ್ನುವುದನ್ನು ಮಾತ್ರ ಸಾರಿನ ಜೊತೆ ನುಂಗಿಬಿಟ್ಟಿದ್ದರು.

"ನೀನೇ ಹೇಳು" ಅನ್ನುವುದು ಇವರು. "ನಿಮ್ಮಮ್ಮ, ನೀವೇ ಹೇಳಿ" ಅನ್ನುವುದು ನಾನು.

ನಾವು ಹೀಗೆ ಎಳೆದಾಡುತ್ತಿರುವಾಗಲೇ ಅತ್ತೆ ತಯಾರಿ ಶುರುಮಾಡಿದರು. ಒಂದು ಮಧ್ಯಾಹ್ನ ನೋಡುತ್ತೇನೆ, ಪೂಜೆ ಮುಗಿಸಿ ಮಣೆಯ ಮೇಲೆ ಮಂಡಿ ಮಡಿಚಿ ಕೂತಿದ್ದಾರೆ! ಮುಖ ಹಿಂಡಿಕೊಂಡರೂ ಏಳಲಿಲ್ಲ. ಮರುದಿನ ನಕಾಮುರ ಕೊಟ್ಟ ಕಡ್ಡಿಗಳನ್ನು ಹಿಡಿದು ತಟ್ಟೆಯಿಂದ ಒಂದೊಂದೇ ಶೇಂಗಾ ಎತ್ತುತ್ತಿದ್ದರು. ನಾನೂ ಹಿಡಿದು ನೋಡಿದೆ, ನನ್ನ ಶೇಂಗಾ ಸೋಫಾದ ಕೆಳಗೆ ಹೋಯಿತು. ಅತ್ತೆ ಕಿಸಕ್ಕನೆ ನಕ್ಕರು. ನನಗೆ ಉರಿದುಹೋಯಿತು. ಅವತ್ತಿನಿಂದ ಅವರು ಹಿತ್ತಲಿಗೆ ಹೋದಾಗಲೆಲ್ಲ ನಾನು ಕಡ್ಡಿ ಹಿಡಿದು ಸಾಧನೆ ಮಾಡತೊಡಗಿದೆ. ಅತ್ತೆ ಖಡಕ್ ರೊಟ್ಟಿ ಬಡಿದರು, ಚಟ್ನಿಪುಡಿ ಕುಟ್ಟಿದರು, "ಅಲ್ಲಿ ಚಳಿ ಎಷ್ಟಿರ್ತೈತೋ ಸೋಮಣ್ಣ?" ಅಂತ ಮಗನನ್ನು ಕೇಳಿದರು. ಮಗ ನಕ್ಷೆಯ ಕಡೆ ತಿರುಗಿಕೊಂಡ.

ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ಅತ್ತೆ ಕೆಟ್ಟವರಲ್ಲ. ಎರಡು ಬಾಣಂತನದಲ್ಲೂ ನನ್ನನ್ನು ಹೂವಿನ ಹಾಗೆ ನೋಡಿಕೊಂಡವರು. ಆದರೆ ಜನ್ಮದಲ್ಲಿ ಒಂದು ಸಲ ಗಂಡನ ಪಕ್ಕ ಕೂತು ಹೂವಿನ ಮರ ನೋಡಬೇಕು ಅನ್ನುವ ಆಸೆ ಅಷ್ಟು ದೊಡ್ಡ ತಪ್ಪೇ?

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸೊಪ್ಪು ಬಿಡಿಸುತ್ತಾ ಕೂತಾಗ ನಾನೇ ವಿಷಯ ಎತ್ತಿದೆ.

"ಅತ್ತೆ, ಅಲ್ಲಿ ಹೆಂಗಸರೆಲ್ಲಾ ಒಂದೇ ತೊಟ್ಟೀಲಿ ಸ್ನಾನ ಮಾಡ್ತಾರಂತೆ. ಮೈಮೇಲೆ ಒಂದೆಳೆ ಬಟ್ಟೆ ಇರಬಾರದಂತೆ. ಗಂಧಕದ ನೀರಂತೆ, ಸುಡುಸುಡು ಅಂತಿರುತ್ತಂತೆ."

ಅತ್ತೆಯ ಕೈ ನಿಂತಿತು. ಕೊರಳಿನ ಲಿಂಗವನ್ನು ಅವರು ನಿದ್ದೆಯಲ್ಲೂ ತೆಗೆದವರಲ್ಲ, ಸೊಸೆಯ ಎದುರಿಗೂ ಸೆರಗು ಜಾರಲು ಬಿಟ್ಟವರಲ್ಲ.

"ಲಿಂಗಾನೂ ತೆಗಿಬೇಕಾ?" ಅಂದರು.

"ಏನೋಪ್ಪ, ಗೊತ್ತಿಲ್ಲ" ಅಂದೆ.

ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಗೆದ್ದೆ ಅಂದುಕೊಂಡೆ. ಆದರೂ ಆ ಸಂಜೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನನಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಕೂತು ಲಿಂಗ ಕಟ್ಟಿಕೊಳ್ಳುವ ಹೊಸ ಶಿವದಾರ ಹೊಸೆಯುತ್ತಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆಯ ಪುಟ್ಟ ಚೀಲ, ಲಿಂಗ ಹಿಡಿಯುವಷ್ಟೇ ಅಗಲ. ಬುಗ್ಗೆಗೂ ಇವರು ಹೆದರಲಿಲ್ಲವಲ್ಲ, ದಾರಿ ಹುಡುಕಿಕೊಂಡರಲ್ಲ ಅಂದುಕೊಂಡೆ. ಇನ್ನು ತಡಮಾಡುವುದು ಬೇಡ, ಇವತ್ತು ಹೇಳಿಯೇಬಿಡುತ್ತೇನೆ ಅಂತ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದೆ.

"ಅತ್ತೆ, ನಿಮ್ಮ ಹತ್ರ ಒಂದು ಮಾತು..."

"ಬಾ ಇಲ್ಲಿ, ಬಗ್ಗು" ಅಂದರು. ದಾರವನ್ನು ನನ್ನ ಕೊರಳಿಗೆ ಹಾಕಿ ಎದೆಯವರೆಗೆ ಅಳೆದರು. "ನಿಂದು ಉದ್ದನೇ ಕೊರಳು, ಇನ್ನೊಂದು ಗೇಣು ಬೇಕು. ನೀನು ಹಾಕ್ಕೊಂಡಿರೋ ದಾರ ಹಳೇದು, ಬಿಸಿನೀರಿಗೆ ಕಿತ್ತುಹೋದ್ರೆ ಆ ತೊಟ್ಟೀಲಿ ಎಲ್ಲಿ ಹುಡುಕ್ತೀಯ? ಲಿಂಗದ ಬೆಳ್ಳಿ ಕರಡಿಗೆ ಗಂಧಕಕ್ಕೆ ಕಪ್ಪಾಗ್ತೈತೆ, ಅದನ್ನ ಮನೇಲಿಟ್ಟು ಹೋಗು. ಈ ಚೀಲದಾಗೆ ಕಟ್ಕೊಂಡು ನೀರಿಗಿಳಿ. ಯಾರು ಕೇಳಿದ್ರೂ ತೆಗಿಬ್ಯಾಡ."

ನಾನು ಬಗ್ಗಿದವಳು ಹಾಗೇ ಇದ್ದೆ.

"ಇದು... ನನಗಾ?"

"ಮತ್ತೆ ಯಾರಿಗೆ? ನಾನೇನು ಬುಗ್ಗೆಗೆ ಬೀಳೋಕೆ ಹೊರಟಿದೀನಾ?"

"ಮತ್ತೆ ಆ ಮಂಡಿ, ಆ ಕಡ್ಡಿ?"

"ಕಲೀ ಅಂತ ಹೇಳಿದ್ರೆ ನೀನು ಕಲೀತಿದ್ದಾ? ನಾನು ಕಲ್ತರೆ ಹೊಟ್ಟೆಕಿಚ್ಚಿಗಾದ್ರೂ ಕಲೀತೀಯ ಅನ್ಕೊಂಡೆ. ಕಲ್ತಿದೀಯ, ಹಿತ್ತಲ ಕಿಟಕೀಲಿ ನೋಡಿದೀನಿ." ದಾರದ ತುದಿ ಗಂಟು ಹಾಕುತ್ತಾ ತಲೆ ಎತ್ತದೆ ಹೇಳಿದರು: "ಮೈಸೂರಿಗೆ ನಾವು ಬರಬಾರದಾಗಿತ್ತು ಕಣವ್ವ. ನೀನು ಆ ದೀಪ ಬಿಟ್ಟು ಸೋಮಣ್ಣನ ಕಡೆ ನೋಡ್ತಿದ್ದಿದ್ದು ನನಗೆ ಕಾಣಿಸ್ತು. ಆಗ ಏನು ಮಾಡೋದು, ಬಂದಾಗಿತ್ತು."

ನನಗೆ ಅಳು ಬಂತು. ಅವರ ಪಕ್ಕ ಕುಸಿದು ಕೂತೆ. "ನೀವೂ ಬನ್ನಿ ಅತ್ತೆ" ಅಂದೆ. ದೇವರಾಣೆ, ಆ ಗಳಿಗೆಯಲ್ಲಿ ಅದು ಬಾಯಿಮಾತಾಗಿರಲಿಲ್ಲ.

"ಸುಮ್ಮನಿರು ತಾಯಿ. ಮದುವೆಯಾಗಿ ಬಂದಾಗ ನಮ್ಮತ್ತೆ ಇದ್ರು. ಆಮೇಲೆ ಮೈದುನರು, ಮಕ್ಕಳು, ಈಗ ನೀವು. ಇಷ್ಟು ವಯಸ್ಸಾಯ್ತು, ಒಂದು ಮನೇಲಿ ನಾನೊಬ್ಬಳೇ ಮಲಗಿ ಎದ್ದಿಲ್ಲ. ಒಂದು ಬೆಳಿಗ್ಗೆ ಎದ್ದರೆ ಯಾರೂ ಕಾಫಿ ಕೇಳಬಾರದು, ಅದು ಹೆಂಗಿರ್ತೈತೆ ಅಂತ ನೋಡ್ಬೇಕು ನಂಗೆ. ನೀವು ಜಪಾನು ನೋಡ್ಕೊಂಡು ಬನ್ನಿ, ನಾನು ನನ್ನ ಮನೆ ನೋಡ್ತೀನಿ."

ಒಳಗೆ ನಮ್ಮವರು ರೇಡಿಯೋ ಹಾಕಿದರು. ಅತ್ತೆ ಆ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಉಲ್ಲಾಳದಾಗೆ ಮಾತ್ರ ಬಾಯಿಬಿಡಬ್ಯಾಡ. ನಾನು ಒಬ್ಬಳೇ ಇದೀನಿ ಅಂತ ಗೊತ್ತಾದ್ರೆ, ಜೊತೆಗಿರ್ತೀನಿ ಅಂತ ನನ್ನ ತಂಗಿ ಗಂಟುಮೂಟೆ ಕಟ್ಕೊಂಡು ಬಂದುಬಿಡ್ತಾಳೆ."